ಪಲ್ಲಂಗ ಕೊಂಡವರಿಗೆ ಎಷ್ಟು ದಿನದ ಗಡುವು?

ಕಮಲಾಪುರದ ಕಡೆ ಮಗಳ ಮದುವೆ ಗೊತ್ತಾಯಿತೆಂದರೆ ಪಲ್ಲಂಗ, ಅಲ್ಮಾರಿ ಕೊಳ್ಳಲು ಕಲಬುರಗಿಯ ದಾರಿ ಹಿಡಿಯುವವರೇ ಹೆಚ್ಚು. ‘ಅಸಲಿ ಸಾಗವಾನಿ’ ಎಂಬ ಮಾತನ್ನೂ ಪಾಲಿಶ್‌ನ ಹೊಳಪನ್ನೂ ನಂಬಿ ದುಡ್ಡು ಎಣಿಸಿ ಬರುತ್ತಾರೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ನಿಜ ಬಯಲಾಗುತ್ತದೆ. ಸರಿಯಾಗಿ ಒಣಗಿಸದ ಕಟ್ಟಿಗೆ ಕುಗ್ಗಿ ಕೀಲು ಸಡಿಲಾಗುತ್ತದೆ, ಹಲಗೆ ಬಿರುಕು ಬಿಡುತ್ತದೆ. ಅಂಗಡಿಗೆ ಹೋದರೆ ರಶೀದಿಯ ಕೆಳಗಿನ ಸಾಲು ತೋರಿಸುತ್ತಾರೆ: ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’

ಈ ಜಗಳ ಇಂದಿನದಲ್ಲ. ಅದಕ್ಕೆ ನ್ಯಾಯ ಹೇಳಿದ ಪ್ರಸಿದ್ಧ ಗ್ರಂಥವೊಂದು ಇದೇ ಸೀಮೆಯಲ್ಲಿ ಹುಟ್ಟಿತು ಎಂಬುದು ಮಾತ್ರ ಬಹಳ ಜನರಿಗೆ ತಿಳಿದಿಲ್ಲ.

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಮುಂದೆ ಸಾಗಿದರೆ ಬಸವಕಲ್ಯಾಣ. ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ರಚಿಸಿದ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಪ್ರತೀತಿ. ಮಿತಾಕ್ಷರ ಎಂದೊಡನೆ ನಮಗೆ ನೆನಪಾಗುವುದು ಆಸ್ತಿಯ ಪಾಲು. ಆದರೆ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನದಲ್ಲಿ ‘ಕ್ರೀತಾನುಶಯ’ ಎಂಬ ಪ್ರಕರಣವೂ ಇದೆ. ಕ್ರೀತ ಎಂದರೆ ಕೊಂಡದ್ದು, ಅನುಶಯ ಎಂದರೆ ಪಶ್ಚಾತ್ತಾಪ.

ಕೊಂಡ ಮಾಲನ್ನು ಪರೀಕ್ಷಿಸಿ, ದೋಷ ಕಂಡರೆ ಮರಳಿಸಲು ಇಲ್ಲಿ ಗಡುವು ಗೊತ್ತುಪಡಿಸಿದೆ. ಕಬ್ಬಿಣಕ್ಕೆ 1 ದಿನ, ಕರೆಯುವ ಹಸುವಿಗೆ 3, ಹೊರೆ ಎಳೆಯುವ ಎತ್ತಿಗೆ 5, ರತ್ನಕ್ಕೆ 7, ಬೀಜಕ್ಕೆ 10 ದಿನ. ದಾಸದಾಸಿಯರೂ ಈ ಪಟ್ಟಿಯಲ್ಲಿದ್ದಾರೆ. ಮನುಷ್ಯರನ್ನೂ ಮಾರುತ್ತಿದ್ದ ಕಾಲವದು ಎಂಬುದನ್ನು ಮರೆಯುವಂತಿಲ್ಲ. ಆದರೂ ಗಡುವಿನ ಹಿಂದಿನ ವಿವೇಕ ಸ್ಪಷ್ಟ. ಮೊಳಕೆ ಒಡೆಯದೆ ಬೀಜದ ಗುಣ ತಿಳಿಯದು, ನಾಲ್ಕು ಹೊತ್ತು ಕರೆಯದೆ ಹಸುವಿನ ಹಾಲು ತಿಳಿಯದು. ದೋಷ ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಕೊಳ್ಳುವವನದು.

ಈ ಪಟ್ಟಿಯಲ್ಲಿ ಮರದ ಸಾಮಾನಿಲ್ಲ. ಆದರೆ ಕೌಟಿಲ್ಯನ ಅರ್ಥಶಾಸ್ತ್ರ ಅದನ್ನು ಬಿಟ್ಟಿಲ್ಲ. ಕೀಳು ಕಟ್ಟಿಗೆಯ ವಸ್ತುವನ್ನು ಉತ್ತಮ ಜಾತಿಯದೆಂದು ಮಾರಿದವನಿಗೆ ಅದು ವಿಧಿಸಿದ್ದು ಬೆಲೆಯ ಎಂಟು ಪಟ್ಟು ದಂಡ!

ಬ್ರಿಟಿಷರು 1772ರಿಂದ ಧರ್ಮಶಾಸ್ತ್ರವನ್ನು ಮದುವೆ, ಉತ್ತರಾಧಿಕಾರದಂಥ ವಿಷಯಗಳಿಗೆ ಸೀಮಿತಗೊಳಿಸಿದರು. ವ್ಯಾಪಾರದ ಕಾನೂನು ಇಂಗ್ಲೆಂಡಿನ ಮಾದರಿಯಲ್ಲಿ ಬೆಳೆಯಿತು. ‘ಕೊಳ್ಳುವವನೇ ಎಚ್ಚರವಾಗಿರಬೇಕು’ ಎಂಬುದು ಅಲ್ಲಿನ ಸೂತ್ರ. 1603ರಲ್ಲಿ ಅಲ್ಲೊಬ್ಬ, ವಿಷಹಾರಿ ಎಂದು ನಂಬಲಾಗಿದ್ದ ‘ಬೆಜೋರ್’ ಕಲ್ಲೆಂದು 100 ಪೌಂಡ್ ಕೊಟ್ಟು ಮೋಸಹೋದ. ಮಾರಿದವನು ಬಾಯಲ್ಲಿ ಹೇಳಿದ್ದನೇ ಹೊರತು ಖಾತರಿ ಕೊಟ್ಟಿರಲಿಲ್ಲ ಎಂಬ ಕಾರಣಕ್ಕೆ ದಾವೆ ಸೋತ. ಭಾರತದ 1930ರ ಸರಕು ಮಾರಾಟ ಕಾಯ್ದೆಯೂ ಕೆಲವು ವಿನಾಯಿತಿಗಳೊಡನೆ ಇದೇ ಸೂತ್ರವನ್ನು ಉಳಿಸಿಕೊಂಡಿತು.

ತಕ್ಕಡಿ ಮತ್ತೆ ಗ್ರಾಹಕನ ಕಡೆ ವಾಲಿದ್ದು 1986ರ ಡಿಸೆಂಬರ್ 24ರಂದು, ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ. ಅದರ ಸ್ಥಾನದಲ್ಲಿ ಬಂದ 2019ರ ಕಾಯ್ದೆ 2020ರ ಜುಲೈ 20ರಂದು ಜಾರಿಯಾಯಿತು. ರಶೀದಿಯಲ್ಲಿ ಗಡುವು ನಮೂದಿಸದಿದ್ದರೆ 30 ದಿನಗಳೊಳಗೆ ದೋಷಪೂರಿತ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವುದು ಈಗ ಅನುಚಿತ ವ್ಯಾಪಾರ. ರಶೀದಿ ಕೊಡದಿರುವುದೂ ಅಷ್ಟೆ. ಕ್ರೀತಾನುಶಯದ ಗಡುವು ಹೊಸ ರೂಪದಲ್ಲಿ ಮರಳಿತೆನ್ನಬಹುದು.

ಪಲ್ಲಂಗದ ದೋಷ 30 ದಿನಗಳಲ್ಲಿ ಕಾಣದಿದ್ದರೂ ದಾರಿ ಮುಚ್ಚಿಲ್ಲ. ವ್ಯಾಜ್ಯಕ್ಕೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಆದರೆ ದೂರು ನಿಲ್ಲಬೇಕಾದರೆ ಪುರಾವೆ ಬೇಕು. ‘ಸಾಗವಾನಿ’ ಎಂಬ ಪದ ಅಂಗಡಿಯವನ ಬಾಯಲ್ಲಿದ್ದರೆ ಸಾಲದು, ರಶೀದಿಯಲ್ಲೂ ಇರಬೇಕು. ಉಳಿದ ಪರೀಕ್ಷೆಯನ್ನು ಕಲಬುರಗಿಯ ಬೇಸಿಗೆಯೇ ಮಾಡುತ್ತದೆ.