ಬಂಡೆಯ ಮೇಲಿನ ಸೀಮೆಸುಣ್ಣದ ಗೆರೆ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಮಾತನಾಡುತ್ತ, ಮದುವೆಗೆ ಮುನ್ನ ಜಲಪಾತದ ನೆತ್ತಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದು ತನ್ನ ಮಗಳು ಹಟ ಹಿಡಿದಿರುವುದಾಗಿ ಹೇಳಿದನು. "ನೀವಾದರೂ ಬುದ್ಧಿ ಹೇಳಿ ಸಾರ್" ಎಂಬುದು ಅವನ ಬೇಡಿಕೆ. ಈ ವಿಷಯದಲ್ಲಿ ಬುದ್ಧಿ ಹೇಳುವ ಅಧಿಕಾರ ನನಗೆಷ್ಟಿದೆ ಎಂಬುದು ಮುಂದೆ ತಿಳಿಯುತ್ತದೆ. ಮೊದಲು, ದಕ್ಷಿಣ ಧ್ರುವದ ಪಾಠ ಬಂದಾಗಲೆಲ್ಲ ನಾನು ತರಗತಿಯಲ್ಲಿ ಹೇಳುತ್ತಿದ್ದ ಪಾಂಟಿಂಗನ ಪ್ರಸಂಗವನ್ನು ಇನ್ನೊಮ್ಮೆ ಹೇಳುತ್ತೇನೆ. ನಿಮ್ಮಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು.

ಹರ್ಬರ್ಟ್ ಪಾಂಟಿಂಗ್ ಕ್ಯಾಪ್ಟನ್ ಸ್ಕಾಟನ ಅಂಟಾರ್ಕ್ಟಿಕ ಯಾತ್ರೆಯ ಛಾಯಾಗ್ರಾಹಕ. ಜಪಾನ್, ಬರ್ಮಾಗಳನ್ನಷ್ಟೇ ಅಲ್ಲ, ನಮ್ಮ ದೇಶವನ್ನೂ ಸುತ್ತಿ ಚಿತ್ರ ತೆಗೆದು ಹೆಸರು ಮಾಡಿದ್ದವನು. 'ಟೆರಾ ನೋವಾ' ಹಡಗು ಮಂಜನ್ನು ಸೀಳಿಕೊಂಡು ಸಾಗುವ ದೃಶ್ಯವನ್ನು ಸೆರೆಹಿಡಿಯಲು, ಹಡಗಿನ ಪಕ್ಕಕ್ಕೆ ಹಲಗೆಗಳನ್ನು ಚಾಚಿ ಕಟ್ಟಿಸಿ, ಅವುಗಳ ತುದಿಯಲ್ಲಿ ಚಲನಚಿತ್ರದ ಕ್ಯಾಮೆರಾ ನಿಲ್ಲಿಸಿ, ತಾನೂ ಅಲ್ಲಿಯೇ ಕವುಚಿ ಮಲಗಿದ್ದನು. ಕೆಳಗೆ ಕೊರೆಯುವ ಕಡಲು. ಚಳಿಯ ವಿಚಾರದಲ್ಲಿ ಮಾತ್ರ ಆತ ಬಲು ಎಚ್ಚರಗಾರ. ಹೊರಗೆ ಹೆಪ್ಪುಗಟ್ಟಿದ ಕ್ಯಾಮೆರಾವನ್ನು ಬೆಚ್ಚಗಿನ ಗುಡಿಸಲಿನೊಳಗೆ ತಂದರೆ ಗಾಜಿನ ಮೇಲೆಲ್ಲ ತೇವ ಕಟ್ಟುತ್ತದೆಂದು ಹೊರಗೇ ಇರಿಸುತ್ತಿದ್ದನು. ಇಷ್ಟಾಗಿಯೂ ಒಮ್ಮೆ ಅವನ ನಾಲಗೆ ಕ್ಯಾಮೆರಾದ ಲೋಹಕ್ಕೆ ತಗುಲಿ ಅಲ್ಲಿಯೇ ಅಂಟಿಕೊಂಡಿತು. ಚರ್ಮ ಕಿತ್ತೇ ಬಿಡಿಸಿಕೊಳ್ಳಬೇಕಾಯಿತು!

1911ರ ಜನವರಿ 5. ಹಡಗು ಕೇಪ್ ಇವಾನ್ಸ್ ಬಳಿ ಮಂಜಿನ ಅಂಚಿಗೆ ತಂಗಿತ್ತು, ಸಾಮಾನು ಇಳಿಸುವ ಕೆಲಸ ನಡೆದಿತ್ತು. ಆರೇಳು ಓರ್ಕಾ ತಿಮಿಂಗಿಲಗಳು ಅಂಚಿನಲ್ಲಿ ತಲೆಯೆತ್ತಿ ಸುಳಿದಾಡುತ್ತಿದ್ದವು. ಅಲ್ಲಿಯೇ ಎರಡು ನಾಯಿಗಳನ್ನು ಕಟ್ಟಿಹಾಕಿದ್ದರು. ಒಳ್ಳೆಯ ಚಿತ್ರ ಸಿಕ್ಕೀತೆಂದು ಪಾಂಟಿಂಗ್ ಕ್ಯಾಮೆರಾ ಹಿಡಿದು ಓಡಿದನು. ತಿಮಿಂಗಿಲಗಳು ಒಮ್ಮೆಲೇ ಮಾಯವಾದವು. ಮರುಕ್ಷಣವೇ ಅವನ ಕಾಲಡಿಯ ಮಂಜು ಉಬ್ಬಿ, ಗುಡುಗಿನಂಥ ಸದ್ದಿನೊಡನೆ ಚೂರುಚೂರಾಯಿತು. ಕೆಳಗಿನಿಂದ ಬೆನ್ನು ಕೊಟ್ಟು ಅವು ಮಂಜನ್ನೇ ಒಡೆದಿದ್ದವು. ಬಿರುಕುಗಳ ನಡುವಿನಿಂದ ಆರೆಂಟು ಅಡಿ ಮೇಲಕ್ಕೆ ತಲೆಯೆತ್ತಿ, ಮೇಲಿದ್ದವರೇನಾದರೆಂದು ನೋಡಿದವಂತೆ. ಪಾಂಟಿಂಗ್ ತೇಲುವ ಒಂದು ತುಂಡಿನಿಂದ ಇನ್ನೊಂದಕ್ಕೆ ಹಾರುತ್ತ ಗಟ್ಟಿಯಾದ ಮಂಜನ್ನು ಸೇರಿಕೊಂಡನು. ಅದೃಷ್ಟಕ್ಕೆ ನಾಯಿಗಳೂ ಉಳಿದವು.

ನನ್ನನ್ನು ಇಂದಿಗೂ ಕಾಡುವುದು ಸ್ಕಾಟ್ ಅಂದು ದಿನಚರಿಯಲ್ಲಿ ಬರೆದುಕೊಂಡ ವಿಚಾರ. ಅಂಚಿನಲ್ಲಿ ಈ ಪ್ರಾಣಿಗಳು ಹೊಂಚು ಹಾಕುವುದೂ, ನೀರಿಗೆ ಬಿದ್ದವನನ್ನು ಅವು ಬಿಡಲಾರವೆಂಬುದೂ ಅವರಿಗೆ ಗೊತ್ತಿತ್ತು. ಎರಡೂವರೆ ಅಡಿ ದಪ್ಪದ ಮಂಜನ್ನು ಒಡೆಯಬಲ್ಲವು, ಅದನ್ನೂ ಒಟ್ಟುಗೂಡಿ ಮಾಡಬಲ್ಲವು ಎಂಬುದು ಮಾತ್ರ ಗೊತ್ತಿರಲಿಲ್ಲ. ಓರ್ಕಾಗಳು ಸಾಲಾಗಿ ಈಜಿ ಅಲೆಯೆಬ್ಬಿಸಿ, ಮಂಜಿನ ಮೇಲೆ ಮಲಗಿದ ಸೀಲ್‌ಗಳನ್ನು ನೀರಿಗೆ ಕೆಡಹುವುದನ್ನು ಇಂದಿನ ವಿಜ್ಞಾನಿಗಳು ಚಿತ್ರಸಹಿತ ದಾಖಲಿಸಿದ್ದಾರೆ. ಪಾಂಟಿಂಗನ ಕಾಲಕ್ಕೆ ಆ ತಿಳಿವಳಿಕೆ ಇರಲಿಲ್ಲ. ಆದುದರಿಂದ ಅವನನ್ನು ಅವಿವೇಕಿಯೆಂದು ಕರೆಯಲು ನನಗೆ ಮನಸ್ಸಿಲ್ಲ. ಮಂಜಿನ ವಿಷಯದಲ್ಲಿ ಕಣ್ಣು ತೆರೆದ ಮೇಲೂ, ಮೂರೇ ದಿನದ ನಂತರ, ಜನವರಿ 8ರಂದು, ಅದೇ ತಂಡ ತನ್ನ ಮೂರನೆಯ ಮೋಟಾರು ಬಂಡಿಯನ್ನು ಹಡಗಿನಿಂದ ಇಳಿಸಿ, ಮಂಜು ಒಡೆದು ಕಡಲಿನ ಪಾಲು ಮಾಡಿತು.

ಗೊತ್ತಿದ್ದೂ ನಡೆಯುವ ಅನಾಹುತದ ಕಥೆಯೇ ಬೇರೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ಕಲಾವಿದರು ಮುಳುಗಿಹೋದರು. ತಮಗೆ ಈಜು ಅಷ್ಟಾಗಿ ಬಾರದೆಂದು ಅವರು ಅದಕ್ಕೆ ಮೊದಲೇ ಸುದ್ದಿಗಾರರ ಮುಂದೆ ಹೇಳಿಕೊಂಡಿದ್ದರು. ಆ ಮಾತನ್ನು ದೂರದರ್ಶನದಲ್ಲಿ ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಇನ್ನು ನನ್ನ ಸರದಿ. 1978ರ ಡಿಸೆಂಬರಿನಲ್ಲಿ ನಾವು ಜೋಗಕ್ಕೆ ಶಾಲಾ ಪ್ರವಾಸ ಹೋದೆವಷ್ಟೆ. ನೀರು ಇಳಿದಿತ್ತು. ರಾಜಾ ಧಾರೆಯ ನೆತ್ತಿಯ ಕಡೆಗಿರುವ ಬಂಡೆಗಳ ಮೇಲೆ ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಎರವಲು ತಂದ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವ ಹುಮ್ಮಸ್ಸು ನನ್ನದು. ಧಾರೆ ಬೀಳುವುದು 830 ಅಡಿ ಆಳಕ್ಕೆಂದು ಬಸ್ಸಿನಲ್ಲಿ ಪಾಠ ಹೇಳಿದವನೂ ನಾನೇ! ನಮ್ಮ ಶಾಲೆಯ ಜವಾನರು ಯಾರೂ ಹೇಳದೆಯೇ ಮುಂದೆ ಹೋಗಿ, ಕೋಲಿನಿಂದ ಬಂಡೆಯನ್ನು ಕುಟ್ಟಿ, ಹಾವಸೆ ಎಲ್ಲಿಂದ ಶುರುವಾಗುತ್ತದೆಂದು ನೋಡಿದರು. ಅದಕ್ಕೆ ಹತ್ತು ಮಾರು ಈಚೆಗೆ, ಒಣ ಕಲ್ಲಿನ ಮೇಲೆ, ಜೇಬಿನಲ್ಲಿದ್ದ ಸೀಮೆಸುಣ್ಣದಿಂದ ಗೆರೆ ಎಳೆದರು. ಒಬ್ಬರೂ ಅದನ್ನು ದಾಟಲಿಲ್ಲ.

ಗೆರೆ ಎಳೆದದ್ದು ಮಕ್ಕಳಿಗೆ. ಕ್ಯಾಮೆರಾ ಹಿಡಿದ ಮೇಷ್ಟರಿಗೂ ಒಂದು ಗೆರೆ ಬೇಕೆಂದು ಯಾರಿಗೂ, ನನಗಂತೂ, ಹೊಳೆಯಲಿಲ್ಲ. ನಲವತ್ತೂ ಮುಖಗಳು ಚೌಕಟ್ಟಿನಲ್ಲಿ ಹಿಡಿಸಲೆಂದು ಕಿಂಡಿಗೆ ಕಣ್ಣಿಟ್ಟುಕೊಂಡೇ ಹಿಂದೆ ಹಿಂದೆ ಹೋದೆನು. ನನ್ನ ಬೆನ್ನ ಹಿಂದೆ ನೀರು ಕೊರೆದ ಆಳವಾದ ಕೊರಕಲಿತ್ತು. ಒಂದು ಕಾಲು ಗಾಳಿಯಲ್ಲಿದ್ದಾಗ ಅಂಗಿಯ ಕಾಲರನ್ನು ಯಾರೋ ಹಿಡಿದೆಳೆದರು. ತಿರುಗಿ ನೋಡಿದರೆ ಅದೇ ಜವಾನರು, ಮುಖ ಬಿಳಿಚಿಕೊಂಡಿತ್ತು. "ತಪ್ಪಾಯ್ತು ಸಾಮಿ, ಅಂಗಿ ಹರೀತು" ಎಂದರು. ನಾನು ನಕ್ಕುಬಿಟ್ಟೆನು. ಅವರಿಗೆ ಒಂದು ಕೃತಜ್ಞತೆಯ ಮಾತನ್ನೂ ಆಡಲಿಲ್ಲ. ನನ್ನ ಅಂಗಿ ಮುಳ್ಳಿಗೆ ಸಿಕ್ಕಿ ಹರಿಯಿತೆಂದು ನಿಮಗೆಲ್ಲ ಹೇಳಿದ್ದು ಸುಳ್ಳು.

ಜವಾನರು ತೀರಿಕೊಂಡು ಬಹಳ ವರ್ಷಗಳಾದವು. ಅವರು ಸಾಲಿನ ಬಲತುದಿಯಲ್ಲಿ, ಕೋಲು ಹಿಡಿದು ನಿಂತಿರುವ ಆ ಚಿತ್ರದ ನನ್ನ ಪ್ರತಿ ಗೆದ್ದಲು ಹಿಡಿದು ಹಾಳಾಗಿದೆ. ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳುಹಿಸಿಕೊಡಿ. ಅವರ ಮೊಮ್ಮಗನು ಮೊನ್ನೆ ಕೇಳಿಕೊಂಡು ಬಂದಿದ್ದನು.