ಚೆಕ್ಕಿಗೆ ಎರಡನೇ ಸಹಿ

ಶಿಕಾಗೋದ ಪೋಷಕರಿಗೆ ಶಾಲೆಯ ಲೆಕ್ಕ ಕೇಳುವ ಹಕ್ಕು ದಕ್ಕಿದ್ದು ಒಂದು ಮುಷ್ಕರದ ಸಿಟ್ಟಿನಿಂದ. 1987ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು 19 ದಿನ ಪಾಠ ನಿಲ್ಲಿಸಿದರು. ಶಿಕ್ಷಕರ ಮೇಲೂ ಅಧಿಕಾರಿಗಳ ಮೇಲೂ ರೋಸಿಹೋದ ತಂದೆತಾಯಿಗಳು ಬೀದಿಗಿಳಿದರು. ಮರುವರ್ಷವೇ ಇಲಿನಾಯ್ ರಾಜ್ಯ ಕಾಯ್ದೆ ತಂದಿತು: ಶಾಲೆಗೊಂದು ಚುನಾಯಿತ ಸ್ಥಳೀಯ ಸಮಿತಿ. ಅದರಲ್ಲಿ ಆರು ಜನ ಪೋಷಕರು, ಇಬ್ಬರು ಬಡಾವಣೆಯವರು, ಇಬ್ಬರು ಶಿಕ್ಷಕರು, ಜೊತೆಗೆ ಪ್ರಿನ್ಸಿಪಾಲರು. ಪ್ರಿನ್ಸಿಪಾಲರನ್ನು ಆರಿಸುವುದು, ನಾಲ್ಕು ವರ್ಷದ ಕರಾರು ಮುಗಿದಾಗ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದು, ಶಾಲೆಯ ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಎಲ್ಲ ಆ ಸಮಿತಿಯ ಕೈಯಲ್ಲಿ. 1989ರ ಅಕ್ಟೋಬರಿನಲ್ಲಿ ಮೊದಲ ಚುನಾವಣೆ ನಡೆಯಿತು.

ಇದೆಲ್ಲ ನನಗೆ ದೂರದ ಸಂಗತಿಯಲ್ಲ. ನಮ್ಮಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂದಾಗ ನಾನು ತುಮಕೂರು ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರ್. ಅಧ್ಯಕ್ಷರು ಪೋಷಕರಲ್ಲೊಬ್ಬರು, ನಾನು ಸದಸ್ಯ ಕಾರ್ಯದರ್ಶಿ. ಬ್ಯಾಂಕಿನಲ್ಲಿ ಜಂಟಿ ಖಾತೆ. ಸುಣ್ಣಬಣ್ಣದ ಬಿಲ್ಲಿಗೆ ಚೆಕ್ ಬರೆದು ಮುಂದಿಟ್ಟರೆ, ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದ ಅಧ್ಯಕ್ಷರು, “ಬಣ್ಣದ ಡಬ್ಬ ಎಷ್ಟ್ ಬಂದ್ವು ಸಾ, ಒಂದ್ಸಲ ತೋರ್ಸಿ” ಅಂದರು. ಖಾಲಿ ಡಬ್ಬಗಳನ್ನು ಜಗಲಿಯ ಮೇಲೆ ಸಾಲಾಗಿ ಇಡಿಸಿ, ಎಣಿಸಿ, ಆಮೇಲೆ ಸಹಿ ಹಾಕಿದರು. ನನಗೆ ಕಿರಿಕಿರಿಯಾಯಿತು. ಆದರೆ ಆ ವರ್ಷದ ಬಿಲ್ಲುಗಳ ಬಗ್ಗೆ ಊರಲ್ಲಿ ಯಾರೂ ಪಿಸುಗುಡಲಿಲ್ಲ.

2018ರ ಡಿಸೆಂಬರಿನಲ್ಲಿ ಶಿಕಾಗೋ ಸಮೀಪದ ಮಗಳ ಮನೆಯಲ್ಲಿದ್ದೆ. ಟೀವಿಯಲ್ಲಿ ಶಿಕ್ಷಕರು ಚಳಿಯಲ್ಲಿ ಫಲಕ ಹಿಡಿದು ಶಾಲೆಗಳ ಮುಂದೆ ನಿಂತಿದ್ದರು. “ಅಪ್ಪಾ, ಇದು ಚಾರ್ಟರ್ ಶಾಲೆಗಳ ಮುಷ್ಕರ, ದೇಶದಲ್ಲೇ ಮೊದಲ್ನೇದಂತೆ” ಅಂದಳು. ಚಾರ್ಟರ್ ಅಂದರೇನು ಎಂದು ಕೇಳಿದವನು ಆ ಕಥೆಯ ಬೆನ್ನುಹತ್ತಿದೆ.

ಚಾರ್ಟರ್ ಶಾಲೆಗೆ ಹಣ ಸರ್ಕಾರದ್ದು, ಮಕ್ಕಳಿಗೆ ಶುಲ್ಕವಿಲ್ಲ, ಆದರೆ ನಡೆಸುವುದು ಖಾಸಗಿ ಆಡಳಿತ ಮಂಡಳಿ. ಈ ಯೋಚನೆಗೆ ಹೆಸರು ತಂದುಕೊಟ್ಟವರು ಒಬ್ಬ ಕಾರ್ಮಿಕ ನಾಯಕ. 1988ರಲ್ಲಿ, ಶಿಕಾಗೋದ ಪೋಷಕರು ಸಮಿತಿ ಗಳಿಸಿಕೊಂಡ ವರ್ಷವೇ, ಶಿಕ್ಷಕರ ಒಕ್ಕೂಟದ ಅಧ್ಯಕ್ಷ ಆಲ್ಬರ್ಟ್ ಶಾಂಕರ್ ವಾಷಿಂಗ್ಟನ್ನಿನಲ್ಲಿ ಭಾಷಣ ಮಾಡಿ, ಶಿಕ್ಷಕರೇ ಯೋಜಿಸಿ ನಡೆಸುವ ಪ್ರಯೋಗಶಾಲೆಗಳನ್ನು ಕೇಳಿದರು. 1991ರಲ್ಲಿ ಮಿನ್ನೆಸೋಟ ಮೊದಲ ಕಾಯ್ದೆ ಮಾಡಿತು. ಅದರ ಪ್ರಕಾರ ಶಾಲೆಯ ಮಂಡಳಿಯಲ್ಲಿ ಶಿಕ್ಷಕರದೇ ಬಹುಮತ ಇರಬೇಕಿತ್ತು. ಮಂಡಳಿಯ ಚುನಾವಣೆಯಲ್ಲಿ ಪೋಷಕರಿಗೂ ಸಿಬ್ಬಂದಿಗೂ ಮತವಿತ್ತು. 1996ರಲ್ಲಿ ಇಲಿನಾಯ್ ತನ್ನ ಕಾಯ್ದೆ ಬರೆಯುವಾಗ ಆ ಮತ ಉಳಿಯಲಿಲ್ಲ. ಶಾಲೆ ನಡೆಸುವ ಸಂಸ್ಥೆ ಯಾರನ್ನು ಕೂರಿಸುತ್ತದೋ ಅವರೇ ಮಂಡಳಿ. 1988ರ ಸಮಿತಿಗಳೂ ಚಾರ್ಟರ್ ಶಾಲೆಗೆ ಅನ್ವಯಿಸಲಿಲ್ಲ. ಅನುಮತಿ ಕೊಟ್ಟ ಪ್ರಾಧಿಕಾರ ಕೆಲವು ವರ್ಷಕ್ಕೊಮ್ಮೆ ಕರಾರು ನವೀಕರಿಸುವಾಗ ಪರಿಶೀಲಿಸಿದರೆ ಆಯಿತು. ಲೆಕ್ಕ ಮೇಲಿನವರಿಗೆ ಹೋಗುತ್ತಿತ್ತು, ಕೆಳಗಿನವರಿಗೆ ಬರುತ್ತಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಯೂನೋ’ ಎಂಬ ಸಂಸ್ಥೆಯ ಚರಿತ್ರೆ. ಎಂಬತ್ತರ ದಶಕದಲ್ಲಿ ಶಿಕಾಗೋದ ಮೆಕ್ಸಿಕನ್ ಬಡಾವಣೆಗಳಲ್ಲಿ ಹುಟ್ಟಿದ ಸಂಘಟನೆ ಅದು. 1988ರಲ್ಲಿ ಪೋಷಕರಿಗೆ ಅಧಿಕಾರ ಕೊಡಿ ಎಂದು ಹೋರಾಡಿದವರಲ್ಲಿ ಅದೂ ಒಂದು. ಹತ್ತು ವರ್ಷದ ಮೇಲೆ ಅದೇ ಸಂಸ್ಥೆ ತನ್ನ ಮೊದಲ ಚಾರ್ಟರ್ ಶಾಲೆ ತೆರೆದು, ಆಕ್ಟೇವಿಯೊ ಪಾಸ್ ಅವರ ಹೆಸರಿಟ್ಟಿತು. 1962ರಿಂದ ಆರು ವರ್ಷ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಅವರು. ಶಾಲೆಗಳ ಸಂಖ್ಯೆ ಬೆಳೆಯುತ್ತಾ ಹೋಯಿತು. 2009ರಲ್ಲಿ ಕಟ್ಟಡಗಳಿಗೆಂದು ರಾಜ್ಯ 9.8 ಕೋಟಿ ಡಾಲರ್ ಮಂಜೂರು ಮಾಡಿತು. ಪೋಷಕರ ಪರ ಬೀದಿಗಿಳಿದಿದ್ದ ಸಂಸ್ಥೆಯ ಶಾಲೆಗಳಲ್ಲಿ ಪೋಷಕರ ಸಹಿ ಬೇಕಾಗಿದ್ದ ಕಾಗದ ಒಂದೂ ಉಳಿದಿರಲಿಲ್ಲ.

2013ರ ಫೆಬ್ರವರಿಯಲ್ಲಿ ‘ಶಿಕಾಗೋ ಸನ್-ಟೈಮ್ಸ್’ ಪತ್ರಿಕೆ, ಆ ಹಣದ ಕಾಮಗಾರಿಯಲ್ಲಿ ಸಂಸ್ಥೆಯ ಒಬ್ಬ ಹಿರಿಯ ಅಧಿಕಾರಿಯ ಸೋದರರ ಕಂಪನಿಗಳಿಗೂ ಗುತ್ತಿಗೆ ಸಿಕ್ಕಿದ್ದನ್ನು ಬಯಲು ಮಾಡಿತು. ರಾಜ್ಯ ಸರ್ಕಾರ ಕಂತು ತಡೆಹಿಡಿಯಿತು. ವರ್ಷದ ಕೊನೆಗೆ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. 2014ರಲ್ಲಿ ಷೇರುಪೇಟೆಯ ಮೇಲೆ ಕಣ್ಣಿಡುವ ಕೇಂದ್ರದ ಆಯೋಗ ದೂರು ಹೂಡಿ ರಾಜಿಯಲ್ಲಿ ಮುಗಿಸಿತು. ಈ ಗುತ್ತಿಗೆಗಳ ವಿಷಯವನ್ನು, ಸಂಸ್ಥೆ ಸಾಲಕ್ಕೆಂದು ಹೊರಡಿಸಿದ್ದ ಬಾಂಡ್ ಕೊಂಡವರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದೇ ಅದರ ದೂರು. ಸಾಲ ಕೊಟ್ಟವರ ಪರವಾಗಿ ಕೇಳುವವರಿದ್ದರು. ಮಕ್ಕಳನ್ನು ಕಳಿಸಿದವರ ಪರವಾಗಿ?

ಅದೇ 2013ರಲ್ಲಿ ಶಿಕ್ಷಕರು ಸಂಘ ಕಟ್ಟಿಕೊಂಡರು. ಮುಂದೆ ಶಾಲೆಗಳು ಹಳೆಯ ಸಂಸ್ಥೆಯಿಂದ ಬೇರ್ಪಟ್ಟು ‘ಅಸೇರೊ’ ಎಂಬ ಹೊಸ ಹೆಸರು ಪಡೆದವು. 2018ರ ಡಿಸೆಂಬರ್ 4ರಂದು 500ಕ್ಕೂ ಹೆಚ್ಚು ಸಿಬ್ಬಂದಿ ಹೊರನಡೆದರು. ಸಂಬಳದ ಮಾತು ಇದ್ದೇ ಇತ್ತು. ಅದರ ಜೊತೆಗೆ, ತರಗತಿಯಲ್ಲಿ 32ರವರೆಗೆ ತುಂಬುವ ಮಕ್ಕಳ ಸಂಖ್ಯೆ ಇಳಿಸಿ, ವಾರಂಟ್ ಇಲ್ಲದೆ ವಲಸೆ ಇಲಾಖೆಯವರನ್ನು ಶಾಲೆಯೊಳಗೆ ಬಿಡಬೇಡಿ ಎಂದೂ ಕೇಳಿದರು. ಇವು ಪೋಷಕರ ಬೇಡಿಕೆಗಳೂ ಹೌದು. ನಾಲ್ಕು ದಿನ ಪಾಠ ನಿಂತು ವಾರದ ಕೊನೆಗೆ ಒಪ್ಪಂದವಾಯಿತು. ಆ ರಾತ್ರಿ ಮಗಳಿಗೆ ಹೇಳಿದೆ: “ನೋಡವ್ವಾ, ಮಂಡಳಿಯಲ್ಲಿ ಕುರ್ಚಿ ಸಿಗದವರು ಕರಾರಿನಲ್ಲಿ ಸಾಲು ಬರೆಸಿಕೊಂಡರು.”

ಕುರ್ಚಿ ಇಲ್ಲದ್ದರ ಬಿಸಿ 2024ರ ಅಕ್ಟೋಬರಿನಲ್ಲಿ ತಟ್ಟಿತು. ಮಕ್ಕಳು ಕಡಿಮೆಯಾಗಿದ್ದಾರೆ, ಕಟ್ಟಡದ ಖರ್ಚು ಹೆಚ್ಚಿದೆ ಎಂದು ಅಸೇರೊ ಮಂಡಳಿ ಹದಿನೈದರಲ್ಲಿ ಏಳು ಶಾಲೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 2,000 ಮಕ್ಕಳು. ಪೋಷಕರು, ಶಿಕ್ಷಕರು ಒಟ್ಟಿಗೆ ನಿಂತರು. ಆ ಮಂಡಳಿಯನ್ನು ಅವರು ಆರಿಸಿರಲಿಲ್ಲ, ಇಳಿಸಲೂ ಆಗುತ್ತಿರಲಿಲ್ಲ. ಹಾಗಾಗಿ ನಗರದ ಶಿಕ್ಷಣ ಮಂಡಳಿಯ ಮೊರೆಹೋದರು. 2025ರ ಫೆಬ್ರವರಿಯಲ್ಲಿ ಆ ಮಂಡಳಿ ಐದು ಶಾಲೆಗಳನ್ನು ಉಳಿಸಿ, ಮುಂದೆ ಸರ್ಕಾರಿ ಶಾಲೆಗಳಾಗಿ ತೆಗೆದುಕೊಳ್ಳಲು ತೀರ್ಮಾನಿಸಿತು. ಉಳಿಯದ ಎರಡರಲ್ಲಿ ಪಾಸ್ ಹೆಸರಿನ ಶಾಲೆಯೂ ಒಂದು.

ಇಷ್ಟೂ ವರ್ಷಗಳಲ್ಲಿ ಲೆಕ್ಕ ಹೊರಬಂದದ್ದು ಒಮ್ಮೆ ಪತ್ರಿಕೆಯಿಂದ, ಒಮ್ಮೆ ಬಾಂಡ್ ಕಾನೂನಿನಿಂದ. ಉತ್ತರ ಸಿಕ್ಕಿದ್ದು ಮುಷ್ಕರದಿಂದ, ನಗರ ಮಂಡಳಿಯಿಂದ. ಶಾಲೆಯ ಒಳಗಿನಿಂದ ಎರಡೂ ಬರಲಿಲ್ಲ. ಚಾರ್ಟರ್ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನಮ್ಮ ಎಸ್‌ಡಿಎಂಸಿಗಳಲ್ಲೂ ಸಭೆ ಸೇರದೆ ನಡಾವಳಿ ಬರೆದವರಿದ್ದಾರೆ, ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟ ಅಧ್ಯಕ್ಷರಿದ್ದಾರೆ. ಆದರೂ ಒಂದು ಮಾತು. ಯಾವ ದೇಶದ ಯಾವ ಶಾಲೆಯಾದರೂ ಸರಿ, ಪೋಷಕರು ಕಟ್ಟಡ, ಫಲಿತಾಂಶ ನೋಡಿದ ಮೇಲೆ ಒಂದು ಪ್ರಶ್ನೆ ಕೇಳಲಿ: ಈ ಮಂಡಳಿಯನ್ನು ಇಳಿಸುವ ಅಧಿಕಾರ ಯಾರಿಗಿದೆ? ಉತ್ತರದಲ್ಲಿ ತಮ್ಮ ಹೆಸರಾಗಲಿ ಶಿಕ್ಷಕರ ಹೆಸರಾಗಲಿ ಬರದಿದ್ದರೆ, ಶಾಲೆ ಮುಚ್ಚುವ ಸುದ್ದಿಯೂ ಅವರಿಗೆ ಕೊನೆಯಲ್ಲೇ ತಲುಪುತ್ತದೆ.