ಮಟವಾಯಿಯ ಮೂರು ತಿಂಗಳು

2004ರ ಜೂನ್ 8. ನಾನಾಗ ಬಿ.ಎಸ್ಸಿ. ವಿದ್ಯಾರ್ಥಿ. ಕಾಲೇಜಿನ ತಾರಸಿಯ ಮೇಲೆ ಪುಟ್ಟ ದೂರದರ್ಶಕವೊಂದರಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿಕೊಂಡು, ಅದರೊಳಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಯೊಂದು ಮೆಲ್ಲಗೆ ಸರಿಯುವುದನ್ನು ನೋಡುತ್ತ ನಿಂತಿದ್ದೆವು. ಆ ಚುಕ್ಕೆ ಶುಕ್ರಗ್ರಹ. ಬಿಸಿಲಿಗೆ ಗೊಣಗುತ್ತಿದ್ದ ನಮಗೆ ಮೇಷ್ಟ್ರು ಹೇಳಿದರು: "ಇದನ್ನ ನೋಡೋಕೆ ಒಬ್ಬ ಪುಣ್ಯಾತ್ಮ ಎಂಟು ತಿಂಗಳು ಹಡಗಲ್ಲಿ ಹೋಗಿದ್ದ. ನಿಮಗೆ ಮೂರು ಮಹಡಿ ಹತ್ತೋಕೆ ಕಷ್ಟ!"

ಆ ಪುಣ್ಯಾತ್ಮ ಜೇಮ್ಸ್ ಕುಕ್. ಅವನು ಹೋಗಿದ್ದು ದಕ್ಷಿಣ ಪೆಸಿಫಿಕ್ ಸಾಗರದ ಟಹೀಟಿ ದ್ವೀಪಕ್ಕೆ. ಕಿರುತೆರೆಯ ಅರ್ಧ ಗಂಟೆಯ ಮಾತುಕತೆಯಲ್ಲಿ ಗ್ರಹದ ಬಗ್ಗೆ ಹೇಳುವಷ್ಟರಲ್ಲಿಯೇ ಸಮಯ ಮುಗಿದುಹೋಗುತ್ತದೆ. ದ್ವೀಪದ ಜನರ ಕಥೆ ಹಾಗೆಯೇ ಉಳಿಯುತ್ತದೆ. ಅದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಲೆಕ್ಕದ ವಿಷಯ. ಕೈಯನ್ನು ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಭೂಮಿಯ ಮೇಲೆ ಬಹುದೂರದ ಎರಡು ಸ್ಥಳಗಳು ಎರಡು ಕಣ್ಣುಗಳಾದರೆ ಶುಕ್ರನೇ ಹೆಬ್ಬೆರಳು, ಸೂರ್ಯಬಿಂಬವೇ ಗೋಡೆ. ಶುಕ್ರ ಬಿಂಬವನ್ನು ದಾಟುವ ಹೊತ್ತನ್ನು ಬೇರೆ ಬೇರೆ ಕಡೆಗಳಿಂದ ಕರಾರುವಾಕ್ಕಾಗಿ ಗುರುತಿಸಿದರೆ ಸೂರ್ಯನ ದೂರವನ್ನು ಗಣಿಸಬಹುದೆಂದು ಎಡ್ಮಂಡ್ ಹ್ಯಾಲಿ 1716ರಲ್ಲಿ ವಿವರಿಸಿದ್ದ. ಈ ಸಂಕ್ರಮಣಗಳು ಎಂಟು ವರ್ಷದ ಅಂತರದಲ್ಲಿ ಎರಡು ಬಂದು, ಮತ್ತೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಣ್ಮರೆಯಾಗುತ್ತವೆ. 1761ರ ಅವಕಾಶದಲ್ಲಿ ಸರಿಯಾದ ಉತ್ತರ ಸಿಗಲಿಲ್ಲ. ಉಳಿದದ್ದು 1769. ಅದಕ್ಕಾಗಿ ಫ್ರಾನ್ಸಿನ ಲೆ ಜಾಂಟಿಲ್ ನಮ್ಮ ಪಾಂಡಿಚೇರಿಯಲ್ಲೇ ಕಾದು ಕುಳಿತಿದ್ದ. ಆ ಬೆಳಗ್ಗೆ ಮೋಡ ಕವಿದು ಅವನಿಗೆ ಏನೂ ಕಾಣಲಿಲ್ಲ. 1771ರಲ್ಲಿ ಊರಿಗೆ ಮರಳಿದರೆ, ಸತ್ತನೆಂದು ತಿಳಿದು ಬಂಧುಗಳು ಆಸ್ತಿಗೆ ಕೈ ಹಾಕಿದ್ದರು!

ಕುಕ್‌ನ ಹಡಗು 'ಎಂಡೆವರ್' 1768ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ಬಿಟ್ಟು 1769ರ ಏಪ್ರಿಲ್ 13ರಂದು ಟಹೀಟಿಯ ಮಟವಾಯಿ ಕೊಲ್ಲಿಯಲ್ಲಿ ಲಂಗರು ಹಾಕಿತು. ಜನ ದೋಣಿಗಳಲ್ಲಿ ಬಂದರು. ಶಾಂತಿಯ ಗುರುತಾಗಿ ಹಸಿರು ಬಾಳೆಕಂದುಗಳನ್ನು ತಂದರು. ತೆಂಗಿನಕಾಯಿ ಬಂತು, ಹಂದಿ ಬಂತು, ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ದೀವಿ ಹಲಸು ಬಂತು. ಯೂರೋಪಿನಲ್ಲಿ ಈ ದ್ವೀಪದ ಬಗ್ಗೆ ಹಬ್ಬಿದ ಸ್ವರ್ಗದ ಕಲ್ಪನೆಗೆ ಇಂತಹ ದೃಶ್ಯಗಳೇ ಕಾರಣ.

ಆದರೆ ಈ ಸ್ವಾಗತಕ್ಕೆ ಎರಡು ವರ್ಷದ ಹಿಂದಿನ ಕಥೆಯೊಂದಿದೆ. 1767ರ ಜೂನ್‌ನಲ್ಲಿ ಸ್ಯಾಮ್ಯುಯೆಲ್ ವಾಲಿಸ್ ನಾಯಕನಾಗಿದ್ದ 'ಡಾಲ್ಫಿನ್' ಹಡಗು ಇದೇ ಕೊಲ್ಲಿಗೆ ಬಂದಾಗ ದ್ವೀಪದವರು ನೂರಾರು ದೋಣಿಗಳಲ್ಲಿ ಸುತ್ತುವರಿದು ಕಲ್ಲು ಬೀರಿದ್ದರು. ಹಡಗಿನ ಫಿರಂಗಿಗಳು ಉತ್ತರ ಕೊಟ್ಟವು. ಅನೇಕರು ಸತ್ತರು. ಬಾಳೆಕಂದು, ಹಂದಿ, ಪುರೇಯ ಎಂಬ ಅರಸಿಯ ಉಪಚಾರ ಇವೆಲ್ಲ ಬಂದದ್ದು ಅದರ ನಂತರ. ಹಾಗಾದರೆ ಕುಕ್‌ಗೆ ಸಿಕ್ಕ ಆದರ ಬರೀ ಭಯವೇ? ಹಾಗೆಂದು ನನಗೆ ಅನ್ನಿಸುವುದಿಲ್ಲ. ಭಯವೂ ಇತ್ತು, ಕಬ್ಬಿಣದ ಆಸೆಯೂ ಇತ್ತು. ಇವೆರಡಕ್ಕಿಂತ ಹಳೆಯದಾದ 'ತಾಯೋ' ಎಂಬ ಸ್ನೇಹದ ಸಂಪ್ರದಾಯವೂ ಇತ್ತು. ತಾಯೋ ಆದವರು ಪರಸ್ಪರ ಹೆಸರು ಬದಲಿಸಿಕೊಳ್ಳುತ್ತಿದ್ದರು. ಒಬ್ಬನ ಮನೆ ಇನ್ನೊಬ್ಬನದೂ ಹೌದು, ಒಬ್ಬನಲ್ಲಿರುವುದನ್ನು ಇನ್ನೊಬ್ಬ ಕೇಳಬಹುದು. ಇಂಗ್ಲಿಷರು ಈ ನಿಯಮದ ಅರ್ಧವನ್ನಷ್ಟೇ ಒಪ್ಪಿಕೊಂಡರು. ತಮಗೆ ಬಂದದ್ದು ಕಾಣಿಕೆ, ತಮ್ಮಿಂದ ಹೋದದ್ದು ಕಳವು!

ಈ ಎಡವಟ್ಟು ಶುರುವಿನಲ್ಲೇ ಪ್ರಾಣ ತೆಗೆಯಿತು. ಬಂದ ಮೂರನೆಯ ದಿನ ಒಬ್ಬ ದ್ವೀಪವಾಸಿ ಕಾವಲುಗಾರನ ಬಂದೂಕು ಕಸಿದು ಓಡಿದ. ಅವನನ್ನು ಗುಂಡಿಟ್ಟು ಕೊಂದರು. ಅತಿಥಿಗಳು ದಡದಲ್ಲಿ ಕಟ್ಟಿದ ವೀಕ್ಷಣಾಲಯಕ್ಕೆ ಫಿರಂಗಿ ಇಟ್ಟ ಕೋಟೆಯ ರೂಪ ಬಂತು. ಆದರೂ ಮೇ 2ರಂದು, ಆಕಾಶಕಾಯಗಳ ಎತ್ತರವನ್ನು ಕೋನದಲ್ಲಿ ಅಳೆಯುವ ಕ್ವಾಡ್ರಂಟ್ ಎಂಬ ಉಪಕರಣ ಆ ಕೋಟೆಯೊಳಗಿಂದಲೇ ಮಾಯವಾಯಿತು. ಅದಿಲ್ಲದೆ ಎಂಟು ತಿಂಗಳ ಪ್ರಯಾಣವೇ ವ್ಯರ್ಥ. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಮತ್ತು ಖಗೋಳಜ್ಞ ಚಾರ್ಲ್ಸ್ ಗ್ರೀನ್ ಬಿಸಿಲಿನಲ್ಲಿ ಬೆಟ್ಟ ಹತ್ತಿ ಹುಡುಕಿದರು. ಅದು ಸಿಕ್ಕಿದ್ದು ದ್ವೀಪದ ಮುಖಂಡನೊಬ್ಬ ಜೊತೆಗೆ ಹೋಗಿ ನೆರವಾದದ್ದರಿಂದ. ಬಿಡಿಭಾಗಗಳು ಚದುರಿದ್ದವು, ಗಡಿಯಾರ ಕೆಲಸ ಬಲ್ಲ ಸ್ಪೋರಿಂಗ್ ಅವನ್ನು ರಿಪೇರಿ ಮಾಡಿದ. ಇತ್ತ ಕೋಟೆಯಲ್ಲಿ ಟುಟಾಹ ಎಂಬ ಮತ್ತೊಬ್ಬ ಮುಖಂಡನನ್ನು ಹಿಡಿದಿಟ್ಟಿದ್ದರು. ಬಿಡುಗಡೆಯಾದ ಮೇಲೂ ಅವನ ಸಿಟ್ಟು ಆರಲಿಲ್ಲ. ದೀವಿ ಹಲಸು ಬರುವುದು ನಿಂತಿತು. ಕಡೆಗೆ ಕುಕ್ ಒಂದು ಕೊಡಲಿ, ಒಂದು ಅಂಗಿ ಕೊಟ್ಟು ರಾಜಿಯಾದ.

ಜೂನ್ 3ರಂದು ಮೋಡವೇ ಇರಲಿಲ್ಲ. ಬಿಸಿಲಿಗಿಟ್ಟ ಉಷ್ಣಮಾಪಕ 119 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಆದರೆ ಶುಕ್ರ ಸೂರ್ಯನ ಅಂಚನ್ನು ಮುಟ್ಟುವ ಗಳಿಗೆಯಲ್ಲಿ ಅಂಚು ಮಸುಕಾಗಿ, ಪಕ್ಕಪಕ್ಕದಲ್ಲಿದ್ದ ಕುಕ್ ಮತ್ತು ಗ್ರೀನ್ ಗುರುತಿಸಿದ ಹೊತ್ತುಗಳು ಹಲವು ಸೆಕೆಂಡುಗಳಷ್ಟು ಬೇರೆಯಾದವು. ಇನ್ನೊಂದು ತಮಾಷೆ ನೋಡಿ. ಅಧಿಕಾರಿಗಳು ಆಕಾಶ ನೋಡುತ್ತಿದ್ದಾಗ ಹಡಗಿನ ನಾವಿಕರೇ ಉಗ್ರಾಣ ಒಡೆದು ರಾಶಿ ಮೊಳೆಗಳನ್ನು ಕದ್ದರು. ದ್ವೀಪದಲ್ಲಿ ಮೊಳೆಯೇ ನಾಣ್ಯವಾಗಿತ್ತಲ್ಲ! ಸಿಕ್ಕಿಬಿದ್ದವನಿಗೆ 24 ಛಡಿ ಏಟು ಬಿತ್ತು.

ಟಹೀಟಿ, ಹಡ್ಸನ್ ಕೊಲ್ಲಿ, ಉತ್ತರ ನಾರ್ವೆ ಮೊದಲಾದ ಕಡೆಗಳ ಅಂಕಿಗಳನ್ನು ಕೂಡಿಸಿ ಆಕ್ಸ್‌ಫರ್ಡಿನ ಥಾಮಸ್ ಹಾರ್ನ್ಸ್‌ಬಿ 1771ರಲ್ಲಿ ಸೂರ್ಯನ ದೂರ 9,37,26,900 ಮೈಲಿ ಎಂದ. ಇಂದಿನ ಅಳತೆಯಲ್ಲಿ ಸರಾಸರಿ ದೂರ ಸುಮಾರು 9,29,56,000 ಮೈಲಿ. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇಲ್ಲ. ವಿಜ್ಞಾನದ ವಿದ್ಯಾರ್ಥಿಯಾಗಿ ಇದಕ್ಕೆ ನಾನು ಈಗಲೂ ತಲೆಬಾಗುತ್ತೇನೆ.

ಆದರೆ ನಕ್ಷತ್ರ ನೋಡಿ ಲೆಕ್ಕ ಹಾಕುವವರು ಕೋಟೆಯ ಹೊರಗೂ ಇದ್ದರು. ಟುಪೈಯ ರಾಯಟೇಯ ದ್ವೀಪದ ಪುರೋಹಿತ, ನಾವಿಕ. ಬೋರಾ ಬೋರಾದ ಯೋಧರು ತನ್ನ ಊರನ್ನು ಗೆದ್ದ ಮೇಲೆ ಟಹೀಟಿಗೆ ಬಂದು ಪುರೇಯಳ ಆಶ್ರಯದಲ್ಲಿದ್ದ. ನಕ್ಷತ್ರಗಳು ಹುಟ್ಟುವ ದಿಕ್ಕು, ಅಲೆಗಳ ಓಟ, ಹಕ್ಕಿಗಳ ಹಾರಾಟ ಇವೇ ಅವನಂಥವರ ಉಪಕರಣಗಳು. ಜುಲೈ 13ರಂದು ಎಂಡೆವರ್ ಹೊರಟಾಗ ಅವನೂ ತಯೇಟ ಎಂಬ ಹುಡುಗನೊಡನೆ ಹಡಗು ಹತ್ತಿದ. ಅವನ ಖರ್ಚನ್ನು ವಹಿಸಿಕೊಂಡ ಬ್ಯಾಂಕ್ಸ್, ನೆರೆಯವರು ಹುಲಿ ಸಿಂಹ ಸಾಕುವಂತೆ ತಾನು ಇವನನ್ನು ಇಟ್ಟುಕೊಳ್ಳಬಹುದಲ್ಲ ಎಂಬರ್ಥದಲ್ಲಿ ದಿನಚರಿ ಬರೆದ. ಮೂರು ತಿಂಗಳು ಉಣಬಡಿಸಿದ ಜನರ ಬಗ್ಗೆ ಬರೆದ ಮಾತು ಇದು. ಚಿತ್ರೀಕರಣಕ್ಕೆಂದು ಹಳ್ಳಿಗಳಿಗೆ ಹೋಗಿ, ಅಲ್ಲಿಯವರ ಮನೆಯಲ್ಲಿ ಉಂಡು, ಬೇಕಾದ ದೃಶ್ಯ ಸಿಕ್ಕ ಕೂಡಲೇ ಜೀಪು ಹತ್ತಿದ ನನಗೆ ಈ ಸಾಲು ಓದಿದಾಗ ಮುಜುಗರವಾಯಿತು.

ಟುಪೈಯ ಹೇಳಿದ್ದರಿಂದ ಮೂಡಿದ ನಕ್ಷೆಯಲ್ಲಿ 74 ದ್ವೀಪಗಳಿವೆ. ಅಕ್ಟೋಬರ್‌ನಲ್ಲಿ ಹಡಗು ನ್ಯೂಜಿಲೆಂಡ್ ತಲುಪಿದಾಗ, ಸುಮಾರು 4,000 ಕಿಲೋಮೀಟರ್ ಆಚೆಯ ಮಾವೋರಿ ಜನರಿಗೆ ಅವನ ಮಾತು ಅರ್ಥವಾಯಿತು. ಎರಡು ಜನಾಂಗಗಳ ಮೂಲ ಒಂದೇ ಎಂಬ ಸುಳಿವು ಇಂಗ್ಲಿಷರಿಗೆ ಸಿಕ್ಕಿದ್ದು ಹಾಗೆ. ದಾರಿಯಲ್ಲಿ ಯಾವಾಗ ಕೇಳಿದರೂ ಅವನು ಟಹೀಟಿಯ ದಿಕ್ಕಿಗೆ ಬೆರಳು ತೋರಿಸಬಲ್ಲವನಾಗಿದ್ದ. ಅವನು ಇಂಗ್ಲೆಂಡ್ ನೋಡಲಿಲ್ಲ. 1770ರ ಕೊನೆಯಲ್ಲಿ ಬಟೇವಿಯದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಮೊದಲು ತಯೇಟ, ಬೆನ್ನಿಗೇ ಅವನು ಕಾಯಿಲೆಯಿಂದ ತೀರಿಕೊಂಡರು. ಟಹೀಟಿ 1842ರಲ್ಲಿ ಫ್ರಾನ್ಸಿನ ರಕ್ಷಣೆಗೆ ಒಳಪಟ್ಟು 1880ರಲ್ಲಿ ಅದರ ವಸಾಹತಾಯಿತು. ಉಪಕರಣಗಳಿಲ್ಲದೆ ಈ ಸಾಗರ ದಾಟಬಹುದೆಂದು ಬಹಳ ವಿದ್ವಾಂಸರು ನಂಬಿರಲಿಲ್ಲ. 1976ರಲ್ಲಿ 'ಹೊಕುಲೆಅ' ಎಂಬ ಜೋಡಿ ದೋಣಿ ಹವಾಯಿಯಿಂದ ಟಹೀಟಿಗೆ ಹಾಗೆಯೇ ಬಂದು ಮುಟ್ಟಿತು.

ಎಂಡೆವರ್ ಯಾತ್ರೆಯ ಕಡತಗಳಲ್ಲಿ ಕೆಲವು ಜಲವರ್ಣ ಚಿತ್ರಗಳಿದ್ದವು. ಅವನ್ನು ಬರೆದವರಾರೆಂದು ಎರಡು ಶತಮಾನ ಯಾರಿಗೂ ಗೊತ್ತಿರಲಿಲ್ಲ. ಬ್ಯಾಂಕ್ಸ್ ಮುಪ್ಪಿನಲ್ಲಿ ಬರೆದ ಪತ್ರವೊಂದರಿಂದ, ಅವು ಟುಪೈಯನ ಕೈಯವು ಎಂದು 1997ರಲ್ಲಿ ತಿಳಿದುಬಂತು. ಒಂದು ಚಿತ್ರದಲ್ಲಿ ಮಾವೋರಿಯೊಬ್ಬ ಲಾಬ್‌ಸ್ಟರ್ ಜಾತಿಯ ದೊಡ್ಡ ಸೀಗಡಿಯೊಂದನ್ನು ದಾರದಲ್ಲಿ ತೂಗಿ ಹಿಡಿದಿದ್ದಾನೆ. ಎದುರಿಗೆ ಕೋಟು ಹ್ಯಾಟಿನ ಇಂಗ್ಲಿಷ್ ದೊರೆ, ಬ್ಯಾಂಕ್ಸನೇ, ಬೆಲೆಯಾಗಿ ಬಟ್ಟೆಯಂಥದೇನನ್ನೋ ಚಾಚಿದ್ದಾನೆ. ಸರಕು ಕೈಗೆ ಬರುವ ತನಕ ಯಾರೂ ತಮ್ಮದನ್ನು ಬಿಟ್ಟಿಲ್ಲ.